ಪಟ್ಟಿಗೆ ಬೇಕಾದ ಹೆಸರು

ಆದವಾನಿ
೧೨ ಜುಲೈ ೧೯೪೮

ಅವ್ವನಿಗೆ ಶರಣು.

ನೈಜಾಮನ ಸೀಮೆಯ ಗಲಭೆಗೆ ಹೆದರಿ ಹೊಳೆ ದಾಟಿ ಬಂದವರನ್ನು ಇಲ್ಲಿ ಹತ್ತಿ ಗೋದಾಮುಗಳಲ್ಲಿ ಇರಿಸಿದ್ದಾರೆ. ಅವರಿಗೆ ಜೋಳ ಹಂಚಲು ಪಟ್ಟಿ ಬರೆಯುವುದು ನನ್ನ ಕೆಲಸ. ಸಾಕುಸಾಕಾಗಿದೆ. ಪಟ್ಟಿಗೆ ಬೇಕಾದದ್ದು ಗಂಡನ ಹೆಸರೊಂದೇ. ಅದನ್ನು ಹೇಳಲು ಒಬ್ಬ ಹೆಂಗಸೂ ಬಾಯಿ ಬಿಡುವುದಿಲ್ಲ. ಪಕ್ಕದವಳು ಹೇಳಬೇಕು, ನಾನು ಬರೆಯಬೇಕು.

ಇವತ್ತು ಉರುಕುಂದಮ್ಮ ಎಂಬಾಕೆ ಒಂಟಿಯಾಗಿ ಬಂದಳು. ಗಂಡ ದಾರಿಯಲ್ಲಿ ತಪ್ಪಿಹೋಗಿದ್ದಾನೆ. ಅವಳ ಊರಿನವರು ಇಲ್ಲಿ ಯಾರೂ ಇಲ್ಲ. ನೀನೇ ಹೇಳಮ್ಮ ಎಂದು ರೇಗಿದೆ.

“ಹೆಸರು ಹೇಳಿದ್ರ ಅವರ ಆಯುಷ್ಯ ಕಮ್ಮಿ ಆಗ್ತೈತಿ. ಈಗ ಎಲ್ಲಿ ಅದಾರೋ, ಹ್ಯಾಂಗ ಅದಾರೋ. ನಾ ಹೇಳಾಕಿ ಅಲ್ಲರೀ” ಎಂದಳು.

ನಾನೇ ನಲವತ್ತು ಹೆಸರು ಕೂಗಿದೆ. ಎಲ್ಲಕ್ಕೂ ತಲೆಯಲ್ಲಾಡಿಸಿದಳು. ಹಿಂದೆ ನಿಂತವರು ಬೈಯತೊಡಗಿದರು. “ಪೇರು ಲೇಕುಂಟೆ ಜೊನ್ನಲು ಲೇವು,” ಹೆಸರಿಲ್ಲದಿದ್ದರೆ ಜೋಳವಿಲ್ಲ ಎಂದು ಗುಮಾಸ್ತ ಚೀಲದ ಬಾಯಿ ಕಟ್ಟಿದ. ತಲೆಕೆಟ್ಟು ಅಪ್ಪನ ಹೆಸರು ಬರೆದುಬಿಟ್ಟೆ. ಅಪ್ಪ ಇದನ್ನು ಓದಿ ಹೇಳುವಾಗ ಸಿಟ್ಟಾಗಬೇಡ; ನೀನೂ ಆ ಹೆಸರು ಹೇಳಿದವಳಲ್ಲ.

ಇಲ್ಲಿನ ಸವುಳು ನೀರಿಗೆ ಹೊಟ್ಟೆ ಕೆಟ್ಟಿತ್ತು, ಈಗ ವಾಸಿ. ಬರುವವರ ಕೈಲಿ ಮೆಂತ್ಯದ ಪುಡಿ ಕಳಿಸು.

ಸಂಜೆ ಹೊಳೆಯಾಚೆಯಿಂದ ಐವರು ಗಂಡಸರು ಹೆಂಡಿರನ್ನು ಹುಡುಕುತ್ತ ಬಂದರು. ಇದೇ ಪಟ್ಟಿಯಲ್ಲಿ ತಮ್ಮ ತಮ್ಮ ಹೆಸರು ಹುಡುಕಿಸಿದರು. ಹೆಂಡತಿಯ ಹೆಸರು ಹೇಳಲು ಅವರೂ ಬಾಯಿ ಬಿಡಲಿಲ್ಲ. ನಾಳೆ ಉರುಕುಂದಮ್ಮನ ಗಂಡ ಬಂದರೆ, ನಿನ್ನ ಹೆಸರಿಲ್ಲ ಹೋಗಪ್ಪ ಎಂದು ನಾನೇ ಅವನನ್ನು ಕಳಿಸಿಬಿಡುತ್ತೇನೆ.

ಜಾಗ ಮುಗಿಯಿತು.

ಕೊಟ್ರೇಶಿ