ಕಟ್ಟಿಕೊಂಡ ಬಚ್ಚಲು

ಅಪ್ಪಾ,

ಇವತ್ತು ಬಚ್ಚಲಿನ ಜಾಲರಿ ಬಿಚ್ಚಿದೆ. ಹೌದು, ನೀನು ಬದುಕಿದ್ದಷ್ಟು ದಿನ ಯಾರಿಗೂ ಮುಟ್ಟಗೊಡದ ಅದೇ ಜಾಲರಿ. ಸ್ನಾನಕ್ಕೆ ನಿಂತರೆ ಪಾದ ಮುಳುಗುವಷ್ಟು ನೀರು ನಿಲ್ಲುತ್ತಿತ್ತಲ್ಲ, ಆಗೆಲ್ಲ ನೀನು ಬಾಗಿಲಾಚೆಯಿಂದಲೇ ತೀರ್ಪು ಕೊಡುತ್ತಿದ್ದೆ: "ಎಲ್ಲಾ ನಿನ್ನ ಕೂದಲು ಕಣೇ!" ಕೇಳಿ ಕೇಳಿ ಸಾಕಾಗಿ, ಸೊಂಟದವರೆಗಿದ್ದ ಜಡೆ ಕತ್ತರಿಸಿಕೊಂಡು ಬಂದೆ. ಆಮೇಲೂ ನೀರು ಇಳಿಯಲಿಲ್ಲ. ಆಗ ನೀನೇನಂದೆ? "ಹಳೇ ಕೂದಲು ಇನ್ನೂ ಒಳಗಿದೆ." ಏನು ತಲೆ ಅಪ್ಪಾ ನಿನ್ನದು!

ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತೂತಿನೊಳಗೆ ಕೈ ಹಾಕಿದೆ. ಕೂದಲು ಸಿಕ್ಕಿತು, ಇಲ್ಲ ಅನ್ನಲ್ಲ, ಒಂದು ಚಿಟಿಕೆಯಷ್ಟು. ಅದರ ಕೆಳಗೆ ಕಲ್ಲಿನಂಥದ್ದೇನೋ ತಗುಲಿತು. ಸ್ಕ್ರೂಡ್ರೈವರ್ ಇಟ್ಟು ಕುಟ್ಟಿ ಕುಟ್ಟಿ ತೆಗೆದರೆ, ಸಿಮೆಂಟಿನ ಗಡ್ಡೆ! ಗಾರೆಯವನಿಗೆ ಕೆಲಸ ಬರಲ್ಲ ಅಂತ ಓಡಿಸಿ ನೀನೇ ಟೈಲ್ಸ್ ಹಾಕಿದೆಯಲ್ಲ, ಅವತ್ತು ಸಿಮೆಂಟು ಕಲಸಿದ ಬಕೆಟ್ ತೊಳೆದು ಸುರಿದದ್ದು ಇಲ್ಲಿಗೇ. ಗಡ್ಡೆಯಲ್ಲಿ ಟೈಲ್ಸ್‌ನ ನೀಲಿ ಚೂರೂ ಕೂತಿದೆ. ಮಹಾ ಮೇಸ್ತ್ರಿ! ನಿನ್ನ ಸಿಮೆಂಟಿಗೆ ನನ್ನ ಜಡೆ ಹೋಯಿತು. ಆ ಟೈಲ್ಸೂ ಸೊಟ್ಟ, ಅದು ಬೇರೆ ಮಾತು.

ಅಮ್ಮ ಬಂದು ನೋಡಿ, "ಹೋಗ್ಲಿ ಬಿಡೇ, ಪಾಪ" ಅಂದು ಪಾತ್ರೆ ತೊಳೆಯಲು ಹೋದಳು. ಪಾಪವಂತೆ! ನೀನು ಇದ್ದಿದ್ದರೆ ಆ ಗಡ್ಡೆಯನ್ನು ನಿನ್ನ ಊಟದ ತಟ್ಟೆಯಲ್ಲೇ ಇಡುತ್ತಿದ್ದೆ.

ಒಂದು ಬಕೆಟ್ ನೀರು ಸುರಿದೆ. ಗೊಟಗೊಟ ಅಂತ ಇಳಿದುಹೋಯಿತು. ನೆಲ ಕಂಡದ್ದೇ ತಡ, "ಅಪ್ಪಾ, ನೀರು ಹೋಯ್ತು, ಬಾ ನೋಡು!" ಅಂತ ಹಾಲ್ ಕಡೆಗೆ ಕೂಗಿಬಿಟ್ಟೆ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು.