ಸೋಮವಾರದ ನೀರು

ತೆರಕಣಾಂಬಿ
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ಸೋಮಶೇಖರನಿಗೆ ನಿನ್ನ ಅಣ್ಣನ ಆಶೀರ್ವಾದ.

ಹೇಗಿದ್ದೀಯ? ಕಾಡಿನಾಚೆ ಆ ಬತ್ತೇರಿಯ ಚಳಿಗೆ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಎರಡು ದಿನ ಮುದ್ದೆ ಕಾಣದಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದವನು ಅಲ್ಲಿ ಎಂಟು ತಿಂಗಳಿಂದ ಏನು ತಿನ್ನುತ್ತಿದ್ದಾನೋ ಎಂದು ನಿನ್ನ ಅತ್ತಿಗೆ ರೂಪಶ್ರೀ ದಿನಾ ನನ್ನನ್ನು ಕೇಳುತ್ತಾಳೆ, ನಾನೇ ಓಡಿಸಿದವನ ಹಾಗೆ. ಓಡಿಸಿದವನು ನಾನೇ ಬಿಡು. ನಮ್ಮಿಬ್ಬರ ನಂಬರನ್ನೂ ನೀನು ಫೋನಿನಲ್ಲಿ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ಪೂರ್ತಿ ಓದು. ಹರಿದುಹಾಕುವುದಿದ್ದರೆ ಆಮೇಲೆ ಹರಿ.

ಅಮ್ಮ ಚೆನ್ನಾಗಿಲ್ಲ. ಮಂಗಳವಾರ, ಶುಕ್ರವಾರ ಡಯಾಲಿಸಿಸ್‌ಗೆ ಚಾಮರಾಜನಗರಕ್ಕೆ ಕರೆದುಕೊಂಡು ಹೋಗುವುದು ಮೊದಲಿನಂತೆಯೇ ನಡೆದಿತ್ತು. ಕೂತು ಬರಲಾರದ ಅವಳನ್ನು ಮಲಗಿಸಿಕೊಂಡು ಹೋಗಲೆಂದು ನಮ್ಮ ವ್ಯಾನಿನ ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿದವನು ನೀನು. ನೀನು ಹೋದ ಮೇಲೆ ಓಡಿಸುತ್ತಿದ್ದವನು ನಾನು. ಆದರೆ ಹೋದ ವಾರ ಎರಡು ಸಲವೂ ಏರು ಹತ್ತುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ, ಬುಸ್ಸೆಂದು ಹಬೆ ಎದ್ದು, ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಬೇರೆ ಗಾಡಿ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಸರದಿ ಮುಗಿದಿತ್ತು. ಈಗ ಕಾಲು, ಮುಖ ಎಲ್ಲ ಬಾತುಕೊಂಡಿದೆ. ಒಂದೇ ಮಾತು ಹೇಳುತ್ತಾಳೆ: "ಆ ಸೋಮ ಆವತ್ತು ಒಂದ್ ಬಿಂದ್ಗೆ ನೀರ್ ಉಯ್ದಿದ್ರೆ ಗಾಡಿ ಯಾಕ್ ಇಂಗಾಯ್ತಿತ್ತು ಕಣ್ಲಾ." ನಾನು ತಲೆ ತಗ್ಗಿಸಿಕೊಂಡು ಹೊರಗೆ ಹೋಗುತ್ತೇನೆ. ಯಾಕೆಂದು ಕೇಳು.

ನೀನು ಹೋದ ಮೇಲೆ ನಾನು ಮಾಡಿಸದ ರಿಪೇರಿಯಿಲ್ಲ. ಹೋಸ್ ಪೈಪು ಬದಲಾಯಿಸಿದೆ, ಫ್ಯಾನ್ ಬೆಲ್ಟ್ ಬದಲಾಯಿಸಿದೆ, ನೀರಿನ ಪಂಪು ಹೊಸದು ಹಾಕಿಸಿದೆ. ಯಾರೋ ಹೇಳಿದರೆಂದು ಥರ್ಮೋಸ್ಟಾಟನ್ನೂ ಕಿತ್ತೆಸೆದೆ. ಒಂದನ್ನು ಮಾತ್ರ ಮುಟ್ಟಲಿಲ್ಲ, ನೀನು ಹೇಳಿದ್ದೆಯಲ್ಲ, ಆ ರೇಡಿಯೇಟರನ್ನು. ಮೊನ್ನೆ ಶನಿವಾರ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಗುಂಡ್ಲುಪೇಟೆಯ ಮೆಕ್ಯಾನಿಕ್ ಪುಟ್ಟಮಾದುವಿನ ಹತ್ತಿರ ಹೋದೆ. ಅವನು ಹೇಗೋ ಐದು ನಿಮಿಷ ಎಂಜಿನ್ ಓಡಿಸಿ ರೇಡಿಯೇಟರಿನ ಮೇಲೆ ಕೈ ಆಡಿಸಿದ. ಮೇಲೆ ಸುಡುತ್ತಿತ್ತು, ಕೆಳಗೆ ತಣ್ಣಗಿತ್ತು. "ನೀರು ಕೆಳೀಕ್ ಇಳೀತಾನೇ ಇಲ್ಲ ಸ್ವಾಮಿ" ಎಂದು ಬಿಚ್ಚಿದ. ಒಳಗಿನ ಕೊಳವೆಗಳಲ್ಲೆಲ್ಲ ಬೆಳ್ಳಗೆ ಗಾರೆಯಂತೆ ಕಟ್ಟಿಕೊಂಡಿತ್ತು. ಬೆರಳಲ್ಲಿ ತಿಕ್ಕಿ, ಮೂಸಿ, ನನ್ನ ಹಣೆ ನೋಡಿ ನಕ್ಕ. "ಗಾಡೀಗೂ ಇಬೂತಿ ಇಕ್ಕುಬುಟ್ಟಿದ್ದೀರಲ್ಲ ಸ್ವಾಮಿ, ಅದೂ ಒಟ್ಟೆ ಒಳೀಕೆ!" ಅಲ್ಲಿದ್ದವರೆಲ್ಲ ನಕ್ಕರು. ನನಗೆ ಅಳು ಬಂತು.

ಲಿಂಗಪೂಜೆಯ ನೀರನ್ನು ತುಳಿಯುವ ಕಡೆ ಚೆಲ್ಲಬಾರದೆಂದು ಅಪ್ಪ ಹೇಳಿಕೊಟ್ಟದ್ದು ನಿನಗೂ ನೆನಪಿದೆ. ಬಾಗಿಲ ಮುಂದಿನ ಕಣಗಿಲೆ ಗಿಡಕ್ಕೆ ಹಾಕುತ್ತಿದ್ದೆ. ಚರಂಡಿ ಮಾಡುವಾಗ ಗಿಡ ಕಡಿದು ಸಿಮೆಂಟ್ ಬಳಿದರಲ್ಲ, ಆಗಿನಿಂದ ಆ ನೀರನ್ನು ಎಲ್ಲಿ ಹಾಕುವುದೆಂದೇ ತೋಚಲಿಲ್ಲ. ವಾರವೆಲ್ಲ ಒಂದು ಕೊಡದಲ್ಲಿ ಕೂಡಿಟ್ಟು, ಸೋಮವಾರ ಬೆಳಿಗ್ಗೆ ನೀನು ಏಳುವ ಮೊದಲೇ ರೇಡಿಯೇಟರಿಗೆ ಸುರಿಯುತ್ತಿದ್ದೆ. ಯಾರ ಕಾಲೂ ತಗಲುವುದಿಲ್ಲ, ಗಾಡಿಗೂ ಶಿವನ ಕಾವಲು ಎಂದುಕೊಂಡಿದ್ದೆ. ಆರು ವರ್ಷ ಹೀಗೆ ಮಾಡಿದೆ ಸೋಮ. ಕೊಡದ ತಳದಲ್ಲಿ ಕೂತ ವಿಭೂತಿಯನ್ನೂ ಬಿಡದೆ ತೊಳೆದು ಸುರಿದೆ.

ಮಾರ್ಚಿನಲ್ಲಿ ಗಾಡಿ ಮೊದಲ ಸಲ ಕುದಿದಾಗ ನೀನು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆ: "ನೀರ್ ಐತೆ ಕಣಣ್ಣ, ಓಡ್ತಾ ಇಲ್ಲ ಅಷ್ಟೆ. ರೇಡಿಯೇಟರ್ ಬಿಚ್ಚುಸನ." ದಿನಾ ನೀರು ನೋಡಿ ಹಾಕದೆ ಓಡಿಸಿ ಸುಳ್ಳು ಬೊಗಳುತ್ತೀಯ ಎಂದು ಹತ್ತು ಜನರೆದುರು ನಿನ್ನ ಕೆನ್ನೆಗೆ ಹೊಡೆದೆ. ಮನೆಗೆ ಬಂದು ಅಮ್ಮನಿಗೂ ಹಾಗೇ ಹೇಳಿದೆ, ಅವಳು ನಂಬಿದಳು. ಆವತ್ತೇ ಬಿಚ್ಚಿದ್ದರೆ ಎಂಜಿನ್ ಉಳಿಯುತ್ತಿತ್ತಂತೆ. ಈಗ ಹೆಡ್ ಬೆಂಡಾಗಿದೆ, ಆಯಿಲಿಗೆ ನೀರು ಸೇರಿ ಹಾಲು ಹಾಕಿದ ಕಾಫಿಯಂತಾಗಿದೆ. ಇನ್ನು ಈ ಗಾಡಿ ಏಳುವುದಿಲ್ಲ ಎಂದು ಪುಟ್ಟಮಾದು ಕೈ ಒರೆಸಿಕೊಂಡ. ಗಾಡಿ ಹಾಳಾಗಿ ಹೋಗಲಿ. ಅಮ್ಮನಿಗೆ ನಿಜ ಹೇಳಲು ಎರಡು ದಿನದಿಂದ ಬಾಯಿ ಬರುತ್ತಿಲ್ಲ. ನಾಳೆ ಬಾಡಿಗೆ ಗಾಡಿಗೆ ಹೇಳಿದ್ದೇನೆ, ಡಯಾಲಿಸಿಸ್ ಮುಗಿದು ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ ಹೇಳಿಯೇಬಿಡುತ್ತೇನೆ.

ಕ್ಷಮಿಸು ಎಂದು ಬರೆಯಲೂ ನಾಚಿಕೆಯಾಗುತ್ತದೆ. ನಮ್ಮ ಮನೆದೇವರು ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ. ಅತ್ತಿಗೆ ನಿನ್ನನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಿನ್ನ ಅಣ್ಣ,
ಗುರುಪಾದಸ್ವಾಮಿ

ಮಂಗಳವಾರ, ಆಸ್ಪತ್ರೆಯಿಂದ: ಇಲ್ಲಿಗೆ ಬರುವಾಗ ದಾರಿಯಲ್ಲೇ ಅಮ್ಮನಿಗೆ ಪ್ರಜ್ಞೆ ತಪ್ಪಿತು. ಹತ್ತಿರದವರನ್ನು ಕರೆಸಿ ಎಂದಿದ್ದಾರೆ ಡಾಕ್ಟರು. ಕಿವಿಯ ಹತ್ತಿರ ಬಾಗಿ, ತಪ್ಪು ಸೋಮನದಲ್ಲಮ್ಮ, ನನ್ನದು ಎಂದು ಮೂರು ಸಲ ಹೇಳಿದೆ. ಕೇಳಿಸಿದ ಹಾಗೆ ಕಾಣಲಿಲ್ಲ. ಬತ್ತೇರಿಗೆ ತರಕಾರಿ ಒಯ್ಯುವ ಮುದ್ದಯ್ಯನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅವನ ಗಾಡಿಯಲ್ಲೇ ಹತ್ತಿ ಬಾ. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಹಾಕುತ್ತಾರೆ, ಅದಕ್ಕೆ ಮುಂಚೆ ದಾಟು. ನನ್ನ ಜೊತೆ ಮಾತಾಡದಿದ್ದರೂ ಸರಿ, ನೀರು ಹಾಕಿದ್ದೆ ಎಂದು ನೀನೇ ಅವಳಿಗೆ ಒಂದು ಸಲ ಹೇಳು. ನಿನ್ನ ದನಿಗಾದರೂ ಕಣ್ಣು ಬಿಟ್ಟಾಳು.