ನನ್ನನ್ನು ನೋಡಲು ಬಂದ ದಿನ ನಾನೇ ದುಭಾಷಿ

ಹೊನ್ನಾಳಿ
ಸೋಮವಾರ, ೧೮ ನವೆಂಬರ್ ೨೦೨೪

ಪ್ರೀತಿಯ ಸಮ್ರೀನ್‌ಗೆ ಸಂಧ್ಯಾರಾಣಿಯ ಸಲಾಮು, ಜೊತೆಗೆ ಬೆನ್ನಿಗೊಂದು ಗುದ್ದು.

ಚನ್ನಗಿರಿ ಕಾಲೇಜಿನಲ್ಲಿ ಭಾಷಣ ಮಾಡಬೇಕು, ನಿನ್ನ ಕೆಲಸಕ್ಕೂ ನನ್ನ ಕೆಲಸಕ್ಕೂ ಏನು ವ್ಯತ್ಯಾಸ ಬರೆದು ಕಳಿಸು ಅಂತ ಕೇಳಿದ್ದೀಯ. ವಾಯ್ಸ್ ಮೆಸೇಜ್ ಕಳಿಸಿದರೆ ಅದು ನಿನ್ನ ಅಖಾಡ, ವಿಡಿಯೋ ಕಳಿಸಿದರೆ ನನ್ನದು. ಕಾಗದವಾದರೆ ಇಬ್ಬರಿಗೂ ನ್ಯಾಯ. ನೀನು ಕೋರ್ಟಿನಲ್ಲಿ ಸಾಕ್ಷಿಗಳ ಉರ್ದು, ಹಿಂದಿಯನ್ನು ಕನ್ನಡಕ್ಕೆ ತಿರುಗಿಸುವವಳು. ನಾನು ಕಿವಿ ಕೇಳದವರ ಸನ್ನೆಯನ್ನು ಮಾತಿಗೆ, ಮಾತನ್ನು ಸನ್ನೆಗೆ ತಿರುಗಿಸುವವಳು. ಇಬ್ಬರೂ ದುಭಾಷಿಗಳೇ, ಒಪ್ಪಿದೆ. ಆದರೆ ನಿನ್ನೆ ನಮ್ಮ ಮನೆಯಲ್ಲಿ ಆದದ್ದು ನಿನಗೆ ಜನ್ಮದಲ್ಲಿ ಆಗಲು ಸಾಧ್ಯವಿಲ್ಲ.

ನಿನ್ನೆ ನನ್ನನ್ನು ನೋಡಲು ಜಗಳೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಹಿಂದಿನ ಮೂರು ಸಂಬಂಧಗಳನ್ನು ನಾನು ಯಾಕೆ ವಾಪಸು ಕಳಿಸಿದೆ ಅಂತ ನಿನಗೊಬ್ಬಳಿಗೇ ಗೊತ್ತು. ಹುಡುಗನ ಎತ್ತರ, ಮೀಸೆ ಎಲ್ಲ ಬರೀ ನೆಪ. ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಾನು ಹೊರಟುಹೋದರೆ ಅಪ್ಪನ ಟೈಲರ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವರ ಪರವಾಗಿ ಮಾತಾಡುವವರು ಯಾರು ಅನ್ನುವುದೇ ನನ್ನ ಭಯ. ಜಗಳೂರೆಂದರೆ ಎರಡು ಬಸ್ಸು ಹತ್ತಬೇಕು.

ಮನೆಯವರಿಗೆ ತಾನೇ ದುಭಾಷಿಯಾಗಬಾರದು ಅಂತ ನಮ್ಮ ಕೆಲಸದಲ್ಲಿ ನಿಯಮವಿದೆ. ಅದಕ್ಕೇ ಶಿವಮೊಗ್ಗದಿಂದ ನನ್ನಂತೆಯೇ ಸನ್ನೆ ದುಭಾಷಿಯಾದ ರಮ್ಯಶ್ರೀಯನ್ನು ಕರೆದಿದ್ದೆ. ಅವಳಿಗೆ ಬೆಳಿಗ್ಗೆಯೇ ಜ್ವರ ಬಂತು. ಇನ್ನೇನು ಮಾಡುವುದು, ಮದುವೆ ಹೆಣ್ಣೂ ನಾನೇ, ದುಭಾಷಿಯೂ ನಾನೇ.

ಮೊದಲನೇ ವ್ಯತ್ಯಾಸ ಬರೆದುಕೋ. ನೀನು ಜರತಾರಿ ಸೀರೆ ಉಟ್ಟು ನಿಂತರೂ ನಿನ್ನ ಉರ್ದು ಕೆಡುವುದಿಲ್ಲ. ನಮಗೆ ಕೈ ಎದ್ದು ಕಾಣಬೇಕು, ಬಟ್ಟೆ ಒಂದೇ ಬಣ್ಣದ್ದಿರಬೇಕು, ಬಳೆ ಕೂಡದು. ಅಮ್ಮ ನನಗೆ ದೊಡ್ಡ ಅಂಚಿನ ರೇಷ್ಮೆ ಉಡಿಸಿ, ಎರಡೂ ಕೈತುಂಬ ಬಳೆ ಏರಿಸಿ, ಅದರ ಮೇಲೆ ಟೀ ತಟ್ಟೆ ಕೊಟ್ಟು ಕಳಿಸಿದಳು. ನೀನಾದರೆ ತಟ್ಟೆ ಹಿಡಿದೂ ಮಾತಾಡಬಹುದು. ನನ್ನ ಕೈಯಲ್ಲಿ ತಟ್ಟೆ ಇದ್ದರೆ ಸನ್ನೆ ಪೂರ್ತಿ ಬಂದ್. ಹುಡುಗನ ತಂದೆ ಬೆನಕಪ್ಪನವರು ಅಂಗಡಿ ಹೆಂಗೆ ನಡೀತೈತ್ರೀ ಅಂತ ಕೇಳಿದರು. ಅಪ್ಪ ನಕ್ಕ. ಮಂಡಿನೋವು ಏನಾದ್ರೂ ಐತೇನ್ರೀ ಅಂತ ಕೇಳಿದರು. ಅಪ್ಪ ಇನ್ನೂ ಜೋರಾಗಿ ನಕ್ಕ. ಕೊನೆಗೆ ಹುಡುಗನೇ ಎದ್ದು ಬಂದು ತಟ್ಟೆ ಇಸಕೊಂಡು ಎಲ್ಲರಿಗೂ ಟೀ ಹಂಚಿದ. ಹೆಸರು ವಿನಯ್ ಕುಮಾರ್, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು.

ಆಮೇಲೆ ಈ 'ನಾನು' ಅನ್ನುವುದರ ಕಥೆ. ಮಾತಾಡುವವರು ನಾನು ಅಂದರೆ ನಾವೂ ನಾನು ಅಂತಲೇ ಹೇಳಬೇಕು, ನಿನಗೂ ಹಾಗೇ. ಆದರೆ ನಿನ್ನ ಸಾಕ್ಷಿಯ ಧ್ವನಿ ಮೊದಲು ಕೇಳಿಸುತ್ತದೆ, ನೀನು ಹಿಂದಿನಿಂದ ಬರುತ್ತೀಯ. ನಮ್ಮಲ್ಲಿ ಕೇಳಿಸುವುದು ಒಂದೇ ಧ್ವನಿ, ಅದು ನನ್ನದು. ಹುಡುಗನ ಅಜ್ಜಿ ಒಬ್ಬಳೇ ಮಗಳೇನ್ರೀ ಅಂತ ಅಮ್ಮನನ್ನು ಕೇಳಿದರು. ಅಮ್ಮ ಉಮೇದಿನಿಂದ ಕೈಯಾಡಿಸಿದಳು. ನಾನು ಅಭ್ಯಾಸಬಲದಿಂದ, ಹೌದು, ನನಗೆ ಹೆರಿಗೆ ಆದದ್ದು ದಾವಣಗೆರೆಯಲ್ಲಿ, ಬಹಳ ಕಷ್ಟವಾಯ್ತು, ಒಂದೇ ಸಾಕು ಅಂದುಬಿಟ್ಟೆ ಅಂತ ಸ್ಪಷ್ಟವಾಗಿ ಹೇಳಿದೆ. ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದರು. ಅವರ ಕೈಲಿದ್ದ ಟೀ ಸೀರೆ ಮೇಲೆ ಚೆಲ್ಲಿತು. ಹುಡುಗಿಗೆ ಆಗ್ಲೇ ಹೆರಿಗೆ ಆಗೈತಂತಲ್ಲೋ ಬೆನಕಾ ಅಂತ ಕೂಗಿಕೊಂಡರು. ನ್ಯಾಮತಿಯಿಂದ ಬಂದಿದ್ದ ಹುಡುಗನ ಸೋದರತ್ತೆ ಆಗಲೇ ಚಪ್ಪಲಿ ಹುಡುಕಲು ಎದ್ದಿದ್ದರು. ಬಿಡಿಸಿ ಹೇಳಿ ಕೂರಿಸುವಷ್ಟರಲ್ಲಿ ಕಾಲು ಗಂಟೆ ಹೋಯಿತು.

ಇನ್ನು ನಾನು ಮಾಡಿದ ತಪ್ಪು. ಬೈಯಬೇಡ. ಬೆನಕಪ್ಪನವರು ನಿಮ್ದೇನಾದ್ರೂ ಬೇಡಿಕೆ ಐತೇನ್ರೀ ಅಂತ ಕೇಳಿದಾಗ ಅಪ್ಪ ಎದ್ದು ನಿಂತು ಸನ್ನೆ ಮಾಡಿದ. ಇವಳು ಐದು ವರ್ಷದವಳಿದ್ದಾಗಿಂದ ನಮ್ಮ ಪರವಾಗಿ ಮಾತಾಡುತ್ತಿದ್ದಾಳೆ, ಸಾಕು. ಇವಳು ಹುಟ್ಟುವ ಮೊದಲೂ ನಾವು ಅಂಗಡಿ ನಡೆಸಿದ್ದೆವು, ಬಸ್ಸು ಹತ್ತಿದ್ದೆವು, ಜಗಳವನ್ನೂ ಆಡಿದ್ದೆವು. ಇವಳನ್ನು ಎಷ್ಟು ದೂರಕ್ಕಾದರೂ ಕರೆದುಕೊಂಡು ಹೋಗಿ, ಇವಳ ಬದುಕು ಇವಳಿಗೆ ಸಿಗಲಿ. ಇದು ಅಪ್ಪ ಹೇಳಿದ್ದು. ನನ್ನ ಬಾಯಿಂದ ಬಂದದ್ದು, ನನ್ನ ಮಗಳನ್ನು ಹೊನ್ನಾಳಿ ಬಿಟ್ಟು ಕಳಿಸಲ್ಲ, ಅವಳಿಲ್ಲದಿದ್ದರೆ ನಮ್ಮ ಕೈಲಾಗಲ್ಲ ಅಂತ.

ಬೆನಕಪ್ಪನವರು ಲೋಟ ಕೆಳಗಿಟ್ಟರು. ಆಗ ವಿನಯ್ ಕೈ ಎತ್ತಿದ. ತಪ್ಪುತಪ್ಪಾಗಿ, ನಿಧಾನವಾಗಿ, ಅಪ್ಪನಿಗೆ ಸನ್ನೆ ಮಾಡಿದ: ನೀವು ಹೇಳಿದ್ದು ಬೇರೆ, ಇವರು ಹೇಳಿದ್ದು ಬೇರೆ. ಸಂಬಂಧದ ಮಾತು ಬಂದಾಗಿನಿಂದ, ಎರಡು ತಿಂಗಳು ಮೊಬೈಲಿನಲ್ಲಿ ನೋಡಿ ನೋಡಿ ಕಲಿತಿದ್ದನಂತೆ! ನನಗೆ ಅದರ ಸುಳಿವೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದು ಕಣೇ. ಬೈಸಿಕೊಳ್ಳುವಾಗ ನೀನು ಕಿಟಕಿ ಕಡೆ ನೋಡಬಹುದು. ನಾನು ಕಣ್ಣು ಬಿಟ್ಟು ಪೂರ್ತಿ ನೋಡಲೇಬೇಕು. ಅಪ್ಪ ಬೈಯುತ್ತಲೇ ಇದ್ದ. ಅಜ್ಜಿ ಏನಂತಾರಮ್ಮ ನಿಮ್ಮಪ್ಪ ಅಂತ ಕೇಳಿದರು. ನಿಯಮ ನಿಯಮವೇ. ನನ್ನ ಮಗಳು ಸುಳ್ಳು ಹೇಳಿದಳು, ನನಗೆ ನಾಚಿಕೆಯಾಗಿದೆ, ಕ್ಷಮಿಸಿ ಅಂತ ನನ್ನ ಬಾಯಿಂದಲೇ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅಪ್ಪ ನನ್ನ ಕಣ್ಣೊರೆಸಿ, ಈ ಹುಡುಗ ನಿನಗೆ ಬೇಕೋ ಬೇಡವೋ ಅಂತ ಕೇಳಿದ. ಬೇಕು ಅಂದೆ, ಕೈಯಲ್ಲೂ ಬಾಯಲ್ಲೂ. ಇಡೀ ದಿನ ಆಡಿದ ಮಾತಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಡಿಸೆಂಬರಿನಲ್ಲಿ ನಿಶ್ಚಿತಾರ್ಥ. ಕೆರೆಬಿಳಚಿಯಿಂದ ನಿನ್ನ ಅಮ್ಮಿಯನ್ನೂ ಕರೆದುಕೊಂಡು ಬಾ. ಅವತ್ತು ದುಭಾಷಿ ರಮ್ಯಶ್ರೀಯೇ, ಜ್ವರ ಬಂದರೂ ಬಿಡುವುದಿಲ್ಲ.

ನಿನ್ನ ಗೆಳತಿ,
ಸಂಧ್ಯಾರಾಣಿ

ಮತ್ತೊಂದು ಮಾತು: ಸುಳಿವೇ ಇರಲಿಲ್ಲ ಅಂತ ಬರೆದೆನಲ್ಲ, ಅದು ಸುಳ್ಳು. ಅವರು ಬಂದು ಕೂತ ಕೂಡಲೇ ಅಮ್ಮ ಅಪ್ಪನಿಗೆ ಹುಡುಗನ ಕಿವಿ ದೊಡ್ಡವು ಅಂತ ಸನ್ನೆ ಮಾಡಿದಳು. ವಿನಯ್ ಮೆಲ್ಲಗೆ ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡ. ನಾನು ನೋಡಿದೆ. ಅವನಿಗೆ ಸನ್ನೆ ತಿಳಿಯುತ್ತದೆ ಅಂತ ಗೊತ್ತಿದ್ದೇ ಅಪ್ಪನ ಮಾತು ತಿರುಚಿದೆ. ನನ್ನನ್ನು ಮೆಚ್ಚಿಸಲು ಸುಮ್ಮನಿರುತ್ತಾನೋ, ಅಪ್ಪನ ಮಾತು ಉಳಿಸುತ್ತಾನೋ ನೋಡಬೇಕಿತ್ತು. ಇದನ್ನು ಭಾಷಣದಲ್ಲಿ ಹೇಳಬೇಡ. ಅವನು ಸುಮ್ಮನಿದ್ದಿದ್ದರೆ ನಾನು ಒಪ್ಪುತ್ತಿರಲಿಲ್ಲ.